ಪೆಟ್ರೋಲ್ ವಾಸನೆ ಹೋದ ಮೇಲೆ

"ನೀವು ಟ್ಯಾಂಕಿಗಿ ಹೊಸ ಮುಚ್ಚಳ ಹಾಕಿದ ಮ್ಯಾಲೂ ಪೆಟ್ರೋಲ್ ವಾಸನಿ ಹೋಗಿಲ್ರಿ. ದಾರ್ಯಾಗ ನಮ್ಮವ್ವ ಮತ್ತ ವಾಂತಿ ಮಾಡ್ಕೊಂಡಾಳ."

ಹುಣಸಗಿಯ ಗ್ಯಾರೇಜಿನ ಮುಂದೆ ಕಾರು ನಿಲ್ಲಿಸಿ ಭೀಮರಾಯ ಹೀಗೆಂದಾಗ ಸೂಗಮ್ಮನ ಮುಖ ಬಿಗಿಯಿತು. ಅಪ್ಪ ಲಿಂಗಣ್ಣನಿಂದ ಕೆಲಸ ಕಲಿತು ಗ್ಯಾರೇಜು ನಡೆಸುತ್ತಿದ್ದ ಅವಳು, ಹೆಣ್ಣಿಗೇನು ಗಾಡಿ ತಿಳಿಯುತ್ತದೆ ಎನ್ನುವವರನ್ನು ಬಹಳ ಕಂಡಿದ್ದಳು.

'ಇವನೂ ಅವರಲ್ಲೊಬ್ಬ...'

"ನಂಬಿಕಿ ಇಲ್ಲಂದ್ರ ಶಹಾಪುರಕ್ಕ ಒಯ್ರಿ."

ಕೊಡೇಕಲ್ ಶಾಲೆಯ ಮೇಷ್ಟ್ರು ಅವನು. ತಿರುಗಿ ಕಾರು ಹತ್ತಿದ. ಹಿಂದಿನ ಸೀಟಿನಲ್ಲಿ ತಾಯಿ ಗೊಲ್ಲಾಳಮ್ಮ ಸೆರಗಿನಿಂದ ಮೂಗು ಮುಚ್ಚಿ ಕುಳಿತಿದ್ದಳು. ಡಯಾಲಿಸಿಸ್‌ಗೆಂದು ಯಾದಗಿರಿಗೆ ಓಡಾಡುವ ಜೀವ.

ಕಾರು ಕಾಲುವೆಯ ಸೇತುವೆ ದಾಟಿ ಮರೆಯಾಯಿತು. ಸೂಗಮ್ಮನಿಗೆ ಮಾತ್ರ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ.

ಮರುದಿನ ಬೆಳಿಗ್ಗೆ ಅವನು ಕಾರು ತೆಗೆದುಕೊಂಡು ಮತ್ತೆ ಬಂದ! ಶಹಾಪುರದ ಗ್ಯಾರೇಜಿಗೆ ಹೋಗಿರಲಿಲ್ಲ. ಹಿಂದಿನ ದಿನ ಕಾರನ್ನು ಮನೆಯಲ್ಲಿ ಬಿಟ್ಟು, ತಾಯಿಯನ್ನು ಬಸ್ಸಿನಲ್ಲಿ ಆಸ್ಪತ್ರೆಗೆ ಕರೆದೊಯ್ದಿದ್ದ.

"ನಿಮ್ಮ ಮ್ಯಾಲ ಸಿಟ್ಟು ಮಾಡಾಕ ಬಂದಿದ್ದಿಲ್ರಿ. ಅವ್ವನ್ನ ನೋಡಿ ಅಂಜಿಕಿ ಆಗಿತ್ತು."

'ಆ ಜೀವವನ್ನು ಬಸ್ಸಿಗೆ ಅಟ್ಟಿದೆನಲ್ಲ...' ಎಂದುಕೊಂಡ ಸೂಗಮ್ಮ, ಮುಚ್ಚಳವೊಂದನ್ನೇ ಬದಲಿಸಿ, ಪೂರ್ತಿ ನೋಡದೆ ಕಳಿಸಿದ್ದು ತನ್ನದೇ ತಪ್ಪೆಂದು ಒಪ್ಪಿಕೊಂಡಳು.

ಟ್ಯಾಂಕಿನಿಂದೇಳುವ ಪೆಟ್ರೋಲ್ ಆವಿ ಕೊಳವೆಯೊಂದರಲ್ಲಿ, ಆವಿ ಹೀರಿಕೊಳ್ಳುವ ಇದ್ದಿಲ ಡಬ್ಬಿಗೆ ಹೋಗಿ, ಅಲ್ಲಿಂದ ಇಂಜಿನ್ ಸೇರಬೇಕು. ಎಲ್ಲಿ ಸೋರುತ್ತಿದೆಯೆಂದು ಕಾಣಲು ಆ ದಾರಿಗೆ ಅವಳು ಯಂತ್ರದಿಂದ ಹೊಗೆ ಬಿಟ್ಟಳು. ಅವನು ಕಾರಿನ ಕೆಳಗೆ ಟಾರ್ಚ್ ಹಿಡಿದ. ಬಹಳ ಹೊತ್ತು ಏನೂ ಕಾಣಲಿಲ್ಲ. ಕೊನೆಗೆ ಟ್ಯಾಂಕಿನ ಮೇಲ್ಗಡೆ, ಕೈಯೇ ಹೋಗದ ಸಂದಿಯಿಂದ ನೂಲಿನಂತೆ ಹೊಗೆ ಎದ್ದಿತು. ಕೊಳವೆಯಲ್ಲಿ ಕೂದಲೆಳೆಯಂಥ ಬಿರುಕು!

ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕರು.

ಹೊಸ ಕೊಳವೆ ಹಾಕಿದ ಮೇಲೆ ಯಾದಗಿರಿಯಿಂದ ಮರಳುವಾಗ ಗೊಲ್ಲಾಳಮ್ಮ ತಾನೇ ಗ್ಯಾರೇಜಿನ ಮುಂದೆ ಇಳಿದಳು. ದಾರಿಯುದ್ದಕ್ಕೂ ನಿದ್ದೆ ಮಾಡಿದೆನೆಂದು ಹೇಳಿ, ಸೂಗಮ್ಮನ ಎಣ್ಣೆಗೈಗಳನ್ನು ಕಣ್ಣಿಗೊತ್ತಿಕೊಂಡಳು.

ಆಮೇಲೆ ಯಾದಗಿರಿಗೆ ಹೋಗಿಬರುವಾಗೆಲ್ಲ ಅವರ ಕಾರು ಗ್ಯಾರೇಜಿನ ಮುಂದೆ ಮಾತಿಗೆ ನಿಲ್ಲತೊಡಗಿತು. ಕೆಲವು ತಿಂಗಳ ಮೇಲೊಂದು ಸಂಜೆ ಭೀಮರಾಯ ಒಬ್ಬನೇ ಬಂದ.

"ಗಾಡಿಗಿ ಮತ್ತೇನಾತ್ರಿ?"

"ಗಾಡಿ ಚಲೋ ಅದ. ನಿಮ್ಮನ್ನ ಕೇಳಾಕ ಬಂದೀನಿ... ನನ್ನ ಮದುವಿ ಆಗ್ತೀರೇನ್ರಿ?"

ಸೂಗಮ್ಮ ಅವನತ್ತ ತಿರುಗಿದಳು. "ಉಪಕಾರ ತೀರ್ಸಾಕ ಕೇಳಾಕತ್ತೀರೇನು?"

"ಇಲ್ರಿ. ನಿಮ್ಮ ಉಪಕಾರ ನಾ ತೀರ್ಸಂಗಿಲ್ಲ, ಹಂಗ ಇಟ್ಕೋತೀನಿ. ಇದು ಬ್ಯಾರೆ... ನೀವಂದ್ರ ನನಗ ಜೀವ."

ಅವಳು ಕೈಯಲ್ಲಿದ್ದ, ನಟ್ಟು ತಿರುಗಿಸುವ ಪಾನಾ ಕೆಳಗಿಟ್ಟಳು.

"ನಾ ಗ್ಯಾರೇಜ್ ಬಿಡಂಗಿಲ್ಲ."

"ಬಿಡ್ರಿ ಅಂದವರ್ಯಾರು?"

"ಹಂಗಾದ್ರ ಬರ್ರಿ..." ಅವಳು ತಲೆತಗ್ಗಿಸಿ ನಕ್ಕಳು. "ಅಪ್ಪ ಮನ್ಯಾಗ ಅದಾನ."