ಹೊಸ್ತಿಲಲ್ಲೇ ಉಳಿದ ಒಡಪು

"ನಿಮ್ಮ ಹೆಸರು ಹೇಳ್ರಿ, ಟೀಚರ್."

ಆ ದನಿ ಕೇಳಿ ಮಲ್ಲಿಕಮ್ಮನ ಎದೆ ಧಸಕ್ಕೆಂದಿತು!

ಶಹಾಪುರದ ತರಬೇತಿ ಹಾಲಿನ ಬಾಗಿಲಲ್ಲಿ ಹಾಜರಿ ಪುಸ್ತಕ ಹಿಡಿದು, ತಲೆ ತಗ್ಗಿಸಿಕೊಂಡು ಕೂತವನು ಭಾಗಣ್ಣ. ನಾಲ್ಕು ವರ್ಷದ ಹಿಂದೆ ಅವಳಿಗೆ ತಾಳಿ ಕಟ್ಟಿದವನು. ಮುಂದಿನ ಸೋಮವಾರ ಸುರಪುರದ ಕೋರ್ಟಿನಲ್ಲಿ ವಿಚ್ಛೇದನಕ್ಕೆ ಕೊನೆಯ ಸಹಿ ಹಾಕಬೇಕಾದವನು.

ಉತ್ತರ ಬರದಿದ್ದಾಗ ಅವನು ತಲೆ ಎತ್ತಿದ. ಮುಖ ಕಪ್ಪಿಟ್ಟಿತು.

ಆಮೇಲೆ ಅವನೇ ಪೆನ್ನು ತೆಗೆದು 'ಮಲ್ಲಿಕಮ್ಮ, ಸರ್ಕಾರಿ ಶಾಲೆ, ಕೊಂಕಲ್' ಎಂದು ಬರೆದುಕೊಂಡ. "ಒಳಗ ಕೂಡ್ರಿ" ಎಂದ.

ಕೂಡ್ರಿ... ಅಂತೆ! ಹಿಂದೆ 'ಮಲ್ಲಿ, ಬಾ ಕೂಡು' ಅನ್ನುತ್ತಿದ್ದ ಬಾಯಿ ಅದು. ಬೈದಿದ್ದರೂ ಅವಳಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಐದು ದಿನದ ತರಬೇತಿ. ಮೊಬೈಲಿನಲ್ಲೇ ಫೋಟೋ ಜೋಡಿಸಿ, ತಮ್ಮ ದನಿ ಸೇರಿಸಿ, ಮೂರು ನಿಮಿಷದ ಕಥೆ ಮಾಡುವುದು. ಕೊನೆಯ ದಿನ ಎಲ್ಲರ ಮುಂದೆ ನಿಂತು ಅದನ್ನು ತೋರಿಸುವುದು. ಕಲಿಸುವವನು ಸುರಪುರ ತಾಲೂಕಿನಿಂದ ಬಂದ ಭಾಗಣ್ಣ ಸರ್. ಆದೇಶದಲ್ಲಿ ಅವನ ಹೆಸರಿದ್ದಿದ್ದರೆ ಮಲ್ಲಿಕಮ್ಮ ಜ್ವರ ಅಂತ ಹೇಳಿ ಮನೆಯಲ್ಲೇ ಉಳಿಯುತ್ತಿದ್ದಳು.

ಮಕ್ಕಳ ಮುಂದೆ ಅವಳ ಮಾತು ಅರಳು ಹುರಿದಂತೆ. ದೊಡ್ಡವರು ನಾಲ್ಕು ಜನ ಕೂತರೆ ಸಾಕು, ನಾಲಿಗೆ ಅಂಗುಳಕ್ಕೆ ಅಂಟಿಬಿಡುತ್ತದೆ. ಈ ಹೆದರಿಕೆಯೇ ಅವಳ ಸಂಸಾರ ಮುರಿದದ್ದು ಅಂದರೆ ನೀವು ನಂಬುತ್ತೀರಾ?

ಒಡಪು ನಿಮಗೆ ಗೊತ್ತೇ ಇದೆ. ಹೊಸ ಸೊಸೆ ಮನೆಯೊಳಗೆ ಕಾಲಿಡುವ ಮುಂಚೆ, ಗಂಡನ ಹೆಸರನ್ನು ಪದ್ಯದಲ್ಲಿ ಕಟ್ಟಿ ಹೇಳಬೇಕು. ಮಲ್ಲಿಕಮ್ಮ ತಾನೇ ಒಂದು ಒಡಪು ಕಟ್ಟಿದ್ದಳು. ಎಂಟು ದಿನ ತಾಯಿ ತಿಮ್ಮವ್ವನ ಮುಂದೆ ಹೇಳಿ ಹೇಳಿ ಬಾಯಿಪಾಠ ಮಾಡಿದ್ದಳು.

ಆದರೆ ಶಿರವಾಳದ ಗಂಡನ ಮನೆಯ ಹೊಸ್ತಿಲಲ್ಲಿ ನಾದಿನಿ ಸುಂದ್ರಮ್ಮ ಎರಡೂ ಕೈ ಚಾಚಿ ಬಾಗಿಲು ಕಟ್ಟಿದಾಗ, ವಿಡಿಯೋದವನ ದೀಪ ಮುಖಕ್ಕೆ ಬಿದ್ದಾಗ, ನೂರು ಕಣ್ಣು ತನ್ನನ್ನೇ ನೋಡಿದಾಗ... ಒಂದು ಅಕ್ಷರವೂ ಹೊರಡಲಿಲ್ಲ.

"ಹೇಳವ್ವ! ನಮ್ಮಣ್ಣನ ಹೆಸರೇನು?"

ಒಂದು ಸಲ. ಎರಡು ಸಲ. ಮೂರು ಸಲ!

ಹಿಂದಿನಿಂದ ಯಾರೋ ನಗೆಯಾಡಿದರು: "ಬಾಯಾಗ ಬ್ಯಾರೆ ಯಾರದರ ಹೆಸರು ಅದನೋ ಏನೋ!"

ಜನ ಗೊಳ್ಳೆಂದು ನಕ್ಕರು. ಭಾಗಣ್ಣ ಮಾತ್ರ ನಗಲಿಲ್ಲ.

ಮರುದಿನ ಬೆಳಿಗ್ಗೆ ಅವನು ಮೆಲ್ಲಗೆ ಕೇಳಿದ. "ಖರೇ ಹೇಳು ಮಲ್ಲಿ, ನಿನ್ನ ಮನಸಿನ್ಯಾಗ ಬ್ಯಾರೆ ಯಾರರ ಅದಾರೇನು?"

ಅವಳಿಗೆ ದುಃಖ ಒತ್ತಿ ಬಂತು. ಮಾತಾಡಲಾಗದೆ ಅತ್ತಳು. ಅವನು ಅಳುವನ್ನೇ ಉತ್ತರ ಅಂದುಕೊಂಡ. ಎಂಟು ತಿಂಗಳು ಒಂದೇ ಮನೆಯಲ್ಲಿ ನೆಂಟರಂತೆ ಇದ್ದರು. ಕೊನೆಗೆ ಅವಳು ತವರಿಗೆ ಹೋದಳು. ಕರೆಯಲು ಅವನು ಬರಲಿಲ್ಲ.

"ಜನ ನೋಡಿ ಅಂಜಬ್ಯಾಡ್ರಿ" ಎಂದು ಎರಡನೇ ದಿನ ಭಾಗಣ್ಣ ಪಾಠ ಮಾಡಿದ. "ಎಲ್ಲಾರಿಗೂ ಹೇಳಾಕ ಹೋದ್ರ ಯಾರಿಗೂ ಮುಟ್ಟಂಗಿಲ್ಲ. ಒಬ್ಬರನ್ನ ಆರಿಸ್ಕೋರಿ, ಅವರೊಬ್ಬರಿಗೇ ಹೇಳ್ರಿ."

'ಇದನ್ನ ನಾಕು ವರ್ಷದ ಹಿಂದ ನನಗ ಹೇಳಿಕೊಡಬಾರದಿತ್ತೇನ್ರಿ?' ಎಂದು ಅವಳ ಮನಸ್ಸು ಕೇಳಿತು.

ಬುಧವಾರ ಅವಳು ತನ್ನ ಕಥೆ ತೋರಿಸಿದಳು. ಕಾಲುವೆಗೆ ನೀರು ಬಿಟ್ಟ ದಿನದ ಫೋಟೋಗಳು, ಸಸಿ ಹಚ್ಚುವ ಹೆಣ್ಣುಮಕ್ಕಳು, ಕೆಳಗೆ ಅಚ್ಚುಕಟ್ಟಾಗಿ ಅಕ್ಷರ, ಹಿಂದೆ ಒಂದು ಕೊಳಲು.

ಭಾಗಣ್ಣ ಪರದೆ ನೋಡುತ್ತಲೇ ಹೇಳಿದ. "ಚಿತ್ರ ಛಂದ ಅದಾವ. ಆದ್ರ ನಿಮ್ಮ ದನಿ ಎಲ್ಲದ ಟೀಚರ್? ಹೇಳೋರ ದನಿ ಇಲ್ಲಂದ್ರ ಅದು ಕಥಿ ಅಲ್ರಿ. ಕೇಳೋರು ತಮಗ ತಿಳಿದಂಗ ಏನೇನರ ಅಂದ್ಕೊಂಡು ಬಿಡತಾರ."

ಹೇಳಿದವನೇ ಪರದೆಯಿಂದ ಮುಖ ತಿರುಗಿಸಿ, ಮುಂದಿನವರನ್ನು ಕರೆದುಬಿಟ್ಟ.

ಮಲ್ಲಿಕಮ್ಮ ಹೊರಗೆ ನಲ್ಲಿಯ ಹತ್ತಿರ ಹೋಗಿ, ನೀರು ಬಿಟ್ಟುಕೊಂಡು ಮನಸಾರೆ ಅತ್ತಳು. ಪಕ್ಕದಲ್ಲಿ ಕೂಡುತ್ತಿದ್ದ ಹಿರಿಯ ಶಿಕ್ಷಕಿ ಶಂಕ್ರಮ್ಮ ಹಿಂದೆಯೇ ಬಂದಳು.

"ಸರ್ ಅಂದಿದ್ದು ಮನಸಿಗಿ ಹಚ್ಚಿಕೊಂಡಿ ಏನವ್ವ?"

"ಅವರು ನನ್ನ ಗಂಡರಿ, ಅಕ್ಕೋರೆ..."

ಶಂಕ್ರಮ್ಮ ಅವಳನ್ನು ಪಕ್ಕದ ಕಟ್ಟೆಯ ಮೇಲೆ ಕೂಡಿಸಿದಳು. ಎಲ್ಲವನ್ನೂ ಕೇಳಿದ ಮೇಲೆ ಅವಳ ಕಣ್ಣೊರೆಸಿ ಒಂದೇ ಮಾತು ಕೇಳಿದಳು. "ಆ ಒಡಪು ನಿನಗ ಇನ್ನೂ ನೆನಪದ ಏನು?"

ನೆನಪೇನು, ಅದನ್ನು ಬರೆದ ಚೀಟಿ ಇಂದಿಗೂ ಅವಳ ಪರ್ಸಿನಲ್ಲೇ ಇತ್ತು. ತಾಳಿಯೂ ಹಾಗೆಯೇ, ಸೆರಗಿನ ಮರೆಯಲ್ಲಿ.

ಶುಕ್ರವಾರ ಬಂತು. ನಲವತ್ತು ಜನ ಶಿಕ್ಷಕರು, ಇಬ್ಬರು ಅಧಿಕಾರಿಗಳು. ಸರದಿ ಬಂದಾಗ ಮಲ್ಲಿಕಮ್ಮ ಮುಂದೆ ಹೋಗಿ ಮೊಬೈಲು ಜೋಡಿಸಿದಳು.

ಪರದೆಯ ಮೇಲೆ ಹಳೆಯ ಕಥೆ ಇರಲಿಲ್ಲ. ಒಂದು ಹೊಸ್ತಿಲು ಮೂಡಿತು. ಮದುವೆಯ ಫೋಟೋ, ಮದುಮಗಳ ಮುಖ ಮಾತ್ರ ಕಾಣುವಂತೆ ಕತ್ತರಿಸಿದ್ದು.

ಸ್ಪೀಕರಿನಲ್ಲಿ ಅವಳದೇ ದನಿ. ಖಾಲಿ ತರಗತಿಯಲ್ಲಿ ಒಬ್ಬಳೇ ಕೂತು ರೆಕಾರ್ಡ್ ಮಾಡಿದ್ದು. "ಇದು ಬಾಯಿ ಬಿಡದ ಒಬ್ಬ ಹುಡುಗಿ ಕಥಿ. ಆಕಿಗಿ ಹೇಳಾಕ ಬರತಿತ್ತು. ಜನ ನೋಡಿ ಅಂಜಿದಳು. ಜನ ನಕ್ಕರು. ಆಕಿ ಮನಸಿನ್ಯಾಗ ಒಂದೇ ಹೆಸರಿತ್ತು..."

ನಂತರ ಮಡಿಕೆ ಬಿದ್ದ ಚೀಟಿಯ ಫೋಟೋ ಬಂತು. ಅಕ್ಷರ ಮಾಸಿಹೋಗಿದ್ದವು.

ದನಿ ತಟ್ಟನೆ ನಿಂತಿತು.

ಎಲ್ಲರೂ ಸ್ಪೀಕರ್ ಕೆಟ್ಟಿತು ಅಂದುಕೊಂಡರು. ಭಾಗಣ್ಣ ಓಡಿಬಂದು ಬಗ್ಗಿ ವೈರು ನೋಡತೊಡಗಿದ. ಯಾವ ವೈರು ಯಾವುದು ಎಂದೇ ಅವನಿಗೆ ತಿಳಿಯಲಿಲ್ಲ.

"ಸ್ಪೀಕರ್ ಕೆಟ್ಟಿಲ್ರಿ" ಎಂದಳು ಮಲ್ಲಿಕಮ್ಮ. "ಇಲ್ಲಿಂದ ಮುಂದ ನಾನೇ ಹೇಳಬೇಕಾಗಿತ್ತು."

ಅವಳು ಒಬ್ಬರನ್ನು ಆರಿಸಿಕೊಂಡಳು. ಅವನು ಮೊಣಕಾಲೂರಿ ಎದುರಿಗೇ ಇದ್ದ.

"ಕಾಲುವಿ ನೀರು ಗದ್ದಿಗಿ ಇಳದದ,
ಹಚ್ಚಿದ ಸಸಿ ಬೇರು ಹಿಡದದ,
ಭಾಗಣ್ಣನವರ ಹೆಸರು ಹೇಳತೀನಿ,
ಹೊಸ್ತಿಲ ಬಿಡ್ರಿ... ನಾ ಮನಿಗಿ ಬರತೀನಿ."

ಶಂಕ್ರಮ್ಮ ಬಿಕ್ಕಿದಳು. ಭಾಗಣ್ಣ ಎದ್ದವನು ಯಾರ ಮುಖವನ್ನೂ ನೋಡದೆ ಹೊರಗೆ ನಡೆದುಬಿಟ್ಟ.

ಅಯ್ಯೋ! ಅಷ್ಟು ಹೇಳಿದರೂ ಹೋಗಿಬಿಟ್ಟನಲ್ಲ... ಮಲ್ಲಿಕಮ್ಮನಿಗೆ ಕಣ್ಣು ಕತ್ತಲಿಟ್ಟಿತು. ಚೀಲ ಎತ್ತಿಕೊಂಡು ಹಿಂದಿನ ಬಾಗಿಲಿನಿಂದ ಹೊರಟಳು. ಸೋಮವಾರ ಸಹಿ ಹಾಕಿದರಾಯಿತು. ಹೇಳಬೇಕಾದ್ದನ್ನು ಹೇಳಿದೆನಲ್ಲ, ಅಷ್ಟು ಸಾಕು ಅಂದುಕೊಂಡಳು. ಸಾಕಾಗಿರಲಿಲ್ಲ.

ನಲ್ಲಿಯ ಹತ್ತಿರ ಅವನಿದ್ದ. ಮುಖಕ್ಕೆ ನೀರು ಹೊಡೆದುಕೊಳ್ಳುತ್ತಿದ್ದ. ಕಣ್ಣು ಕೆಂಪಗೆ ಊದಿದ್ದವು. ಅವಳು ಎರಡು ದಿನದ ಹಿಂದೆ ಅತ್ತ ಜಾಗದಲ್ಲೇ ಅವನೂ ಅತ್ತಿದ್ದ.

"ನಾಕು ವರ್ಷ, ಮಲ್ಲಿ..." ಅವನ ದನಿ ಒಡೆಯಿತು. "ಅವತ್ತು ಮುಂಜಾನೆ ನಾ ಕೇಳಿದಾಗರ ಹೇಳಬಾರದಿತ್ತೇನು?"

"ನೀವು ಇನ್ನೊಂದು ಸಲ ಕೇಳಬಾರದಿತ್ತೇನ್ರಿ?"

ಅವನು ನಲ್ಲಿ ನಿಲ್ಲಿಸಿದ. ಯಾರೋ ನಗೆಗೆ ಆಡಿದ ಮಾತನ್ನು ನಂಬಿ, ಕಟ್ಟಿಕೊಂಡವಳ ಕಣ್ಣೀರನ್ನು ನಂಬದೆ ಹೋಗಿದ್ದ. ಹೋದ ನಾಲ್ಕು ವರ್ಷ ಯಾರು ತಂದುಕೊಡುತ್ತಾರೆ?

"ತಪ್ಪಾಗ್ಯಾದ" ಎಂದ. "ದೊಡ್ಡ ತಪ್ಪಾಗ್ಯಾದ. ನಿನ್ನ ಮ್ಯಾಲಿನ ಆಸಿ ಮಾತ್ರ ಒಂದು ದಿನಾನೂ ಕಡಿಮಿ ಆಗಲಿಲ್ಲ. ನಿನಗ ನಾ ಬ್ಯಾಡ ಅಂದ್ಕೊಂಡೇ ಸಹಿ ಮಾಡಾಕ ಒಪ್ಪಿದ್ದೆ."

"ನಾನೂ ಹಂಗೇ ಅಂದ್ಕೊಂಡಿದ್ದೆನ್ರಿ."

ಇಬ್ಬರೂ ಅಳುತ್ತಲೇ ಇದ್ದರು. ಒಳಗೆ ಬೇರೆ ಯಾರದೋ ಕಥೆ ಶುರುವಾಗಿತ್ತು.

ಅವನು ಅವಳ ಚೀಲ ತೆಗೆದುಕೊಂಡು ತನ್ನ ಹೆಗಲಿಗೆ ಹಾಕಿಕೊಂಡ.

"ಸೋಮವಾರ ಸುರಪುರಕ ಹೋಗಬೇಕಲ್ರಿ..."

"ಹೋಗೂಣು. ಸಹಿ ಮಾಡಂಗಿಲ್ಲ ಅಂತ ಇಬ್ರೂ ಕೂಡೇ ಹೇಳಿ ಬರೂಣು. ಇವತ್ತು ಸಂಜಿ ಬಸ್ಸಿಗಿ ಶಿರವಾಳಕ್ಕ ನಡಿ. ಸುಂದ್ರಮ್ಮ ಬಂದಾಳ. ಬಾಗಿಲ ಕಟ್ಟಿ ಕೇಳೇ ಕೇಳತಾಳ."

"ಕೇಳ್ಲಿ ಬಿಡ್ರಿ."

"ಮತ್ತ ಅಂಜಿದ್ರ?"

"ನೀವು ಒಳಗ ಎದುರಿಗೆ ನಿಂದರ್ರಿ. ನಿಮ್ಮ ಮುಖ ನೋಡಿ ಹೇಳತೀನಿ."