ಇಂದುಮತಿಯ ಏಳನೇ ಪ್ರಶ್ನೆ

"ಕೈ ಆಡಿಸುವುದನ್ನು ನಿಲ್ಲಿಸಿ!"

ಹಿಂದಿನಿಂದ ಬಂದ ಗದರಿಕೆಗೆ ಅನಸೂಯಾ ಬೆಚ್ಚಿ ತಿರುಗಿದಳು.

1974ರ ಮಾರ್ಚ್. ತಿರುವನಂತಪುರದ ಒಂದು ಹೈಸ್ಕೂಲಿನಲ್ಲಿ ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆ ನಡೆಯುತ್ತಿತ್ತು. ಕಿವುಡು ಮಕ್ಕಳ ಶಾಲೆಯಿಂದ ಮೊದಲ ಬಾರಿಗೆ ಒಬ್ಬ ಹುಡುಗಿ, ಇಂದುಮತಿ, ಎಲ್ಲರ ನಡುವೆ ಕುಳಿತು ಬರೆಯುತ್ತಿದ್ದಳು. ಅವಳ ಟೀಚರ್ ಅನಸೂಯಾ ವರಾಂಡದಲ್ಲಿ ನಿಂತಿದ್ದಳು.

ಮೇಲ್ವಿಚಾರಕರು ಆಗಷ್ಟೇ ಒಂದು ತಿದ್ದುಪಡಿ ಓದಿ ಹೇಳಿದ್ದರು. ಏಳನೇ ಪ್ರಶ್ನೆಯಲ್ಲಿ ಅಚ್ಚಿನ ತಪ್ಪು, ಹದಿನೈದು ಅಲ್ಲ, ಐವತ್ತು. ಎಲ್ಲರೂ ಒಟ್ಟಿಗೆ ಪ್ರಶ್ನೆಪತ್ರಿಕೆ ತಿದ್ದುವುದನ್ನು ಕಂಡ ಇಂದುಮತಿ ಗಾಬರಿಯಿಂದ ಬಾಗಿಲ ಕಡೆ ನೋಡಿದಳು. ಅನಸೂಯಾ ಅದೇ ಮಾತನ್ನು ಕೈಸನ್ನೆಯಲ್ಲಿ ಹೇಳಿದಳು. ಅಷ್ಟೇ.

ಗದರಿದವನು ಪರೀಕ್ಷಾ ತಪಾಸಣೆಗೆ ಬಂದಿದ್ದ ಅಧಿಕಾರಿ ಜನಾರ್ದನ. ಅನಸೂಯಾ ಮಲಯಾಳದಲ್ಲಿ ಎಷ್ಟು ವಿವರಿಸಿದರೂ ಅವನು ಕೇಳಲಿಲ್ಲ. ತಿದ್ದುಪಡಿಯನ್ನು ಬೋರ್ಡಿನ ಮೇಲೆ ಬರೆಯಬೇಕಿದ್ದ ಮೇಲ್ವಿಚಾರಕರು ತುಟಿ ಬಿಚ್ಚಲಿಲ್ಲ. ಕಾಪಿಯ ಆರೋಪದಲ್ಲಿ ಇಂದುಮತಿಯ ಉತ್ತರಪತ್ರಿಕೆ ಜನಾರ್ದನನ ಕೈ ಸೇರಿತು.

"ಇವನಿಗೆ ಕಣ್ಣಿದ್ದು ಎಂತ ಪ್ರಯೋಜನ..." ಅನಸೂಯಾ ತನ್ನ ಕಾಸರಗೋಡಿನ ಕನ್ನಡದಲ್ಲಿ ಗೊಣಗಿದಳು.

ವರದಿ ಬರೆಯುತ್ತಿದ್ದ ಪೆನ್ನು ನಿಂತಿತು.

"ನಾನೂ ಕಾಸರಗೋಡಿನವನೇ. ನನಗೆ ಕನ್ನಡ ಅರ್ಥ ಆಗ್ತದೆ."

"ಹಾಗಾದ್ರೆ ಕನ್ನಡದಲ್ಲೇ ಕೇಳಿ. ಆ ಹುಡುಗಿ ಈ ಬೆಂಚಿನವರೆಗೆ ಬರ್ಲಿಕ್ಕೆ ಹನ್ನೊಂದು ವರ್ಷ ಹಿಡಿಯಿತು. ನೀವು ಒಂದು ನಿಮಿಷದಲ್ಲಿ ಎಬ್ಬಿಸಿಬಿಟ್ರಿ."

ಅವನು ವರದಿಗೆ ಸಹಿ ಹಾಕಿದ.

ಮರುದಿನ ಹೆಡ್‌ಮಿಸ್ಟ್ರೆಸ್ ದಾಕ್ಷಾಯಣಿಯಮ್ಮ ಅನಸೂಯಾಳನ್ನು ಕರೆಸಿದರು. ಆ ಕಿವುಡು ಮಕ್ಕಳ ಶಾಲೆಯಲ್ಲಿ ಕೈಸನ್ನೆಗೆ ನಿಷೇಧ. ಮಕ್ಕಳು ತುಟಿ ನೋಡಿಯೇ ಕಲಿಯಬೇಕು, ಬಾಯಿಂದಲೇ ಮಾತಾಡಬೇಕು. ತಪ್ಪಿದರೆ ಬೆರಳಿಗೆ ರೂಲುಕಡ್ಡಿಯ ಏಟು. ಅನಸೂಯಾ ಹಾಸ್ಟೆಲಿನ ಮಕ್ಕಳಿಂದಲೇ ಕದ್ದುಮುಚ್ಚಿ ಆ ಭಾಷೆ ಕಲಿತಿದ್ದಳು.

"ಮಾತು ಕಲಿಸಿ ಅಂದರೆ ಮಂಗಗಳ ಹಾಗೆ ಕೈ ಕುಣಿಸುವುದನ್ನು ಕಲಿಸುತ್ತೀರಿ," ಎಂದರು ಅವರು.

"ನಾನು ಕಲಿಸ್ಲಿಲ್ಲ ಟೀಚರ್. ಅವರೇ ನನಗೆ ಕಲಿಸಿದ್ದು."

ಅಂದೇ ಅವಳನ್ನು ಅಮಾನತು ಮಾಡಿದರು.

ಅನಸೂಯಾ ಕೊಚ್ಚಿಗೆ ಮರಳಿದಳು. ಅವಳ ತಂದೆ ವೆಂಕಟ್ರಮಣ ಕಸ್ಟಮ್ಸಿನಲ್ಲಿದ್ದರು, ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ ಕ್ವಾರ್ಟರ್ಸು. ವಾರದೊಳಗೆ ಅಲ್ಲಿಗೊಂದು ಕಾಗದ ಬಂತು. ಉತ್ತರ ಹೇಳಿಕೊಟ್ಟೆನೆಂದು ತಪ್ಪೊಪ್ಪಿಗೆ ಬರೆದುಕೊಟ್ಟರೆ ವಿದ್ಯಾರ್ಥಿನಿಯ ಶಿಕ್ಷೆ ಕಡಿಮೆಯಾದೀತು. ಕೆಳಗೆ ಜನಾರ್ದನನ ಸಹಿ!

ಅವಳು ಅದನ್ನು ಹರಿದು ಎಸೆದಳು. 'ಸುಳ್ಳು ಬರೆಸಿಕೊಳ್ಳಲು ಹುಡುಗಿಯ ಬಾಳನ್ನೇ ಒತ್ತೆಯಿಡುತ್ತಾನಲ್ಲ, ಎಂಥ ಮನುಷ್ಯ...'

ಆ ಮನುಷ್ಯನೇ ಒಂದು ಭಾನುವಾರ ಬಾಗಿಲಲ್ಲಿ ಬಂದು ನಿಂತ. ವೆಂಕಟ್ರಮಣರು ಒಳಗೆ ಕರೆದು ಕೂರಿಸಿ ಚಾಯ ತರಲು ಹೋದರು.

"ತಪ್ಪೊಪ್ಪಿಗೆ ಬೇಕಿದ್ರೆ ಇಲ್ಲಿ ಸಿಗುವುದಿಲ್ಲ," ಎಂದಳು ಅನಸೂಯಾ.

"ಬೇಡ. ಆ ಕಾಗದ ಮೇಲಿನವರು ಬರೆಸಿದ್ದು. ಸಹಿ ಮಾತ್ರ ನನ್ನದು."

"ಸಹಿ ಮಾತ್ರವಾ? ಆ ಹುಡುಗಿಯ ಒಂದು ವರ್ಷ ಹೋದದ್ದೂ ನಿಮ್ಮ ಸಹಿಯಿಂದಲೇ ಅಲ್ವಾ?"

ಅವನ ಮುಖ ಕಪ್ಪಿಟ್ಟಿತು. "ಹೌದು. ಅದಕ್ಕೇ ಬಂದದ್ದು."

ನಿದ್ದೆ ಹತ್ತದೆ ಅವನು ಆ ಕೊಠಡಿಯ ಎಲ್ಲ ಉತ್ತರಪತ್ರಿಕೆಗಳನ್ನೂ ತರಿಸಿ ನೋಡಿದ್ದ. ಏಳನೇ ಲೆಕ್ಕವನ್ನು ಎಲ್ಲರೂ ಐವತ್ತನ್ನೇ ಹಿಡಿದು ಮಾಡಿದ್ದರು. ಇಂದುಮತಿಯೂ ಹದಿನೈದನ್ನು ಹೊಡೆದು ಐವತ್ತು ಮಾಡಿದ್ದಳು, ಅಷ್ಟೇ; ಉತ್ತರ ಬರೆದಿರಲಿಲ್ಲ. ಮುಂದೆ ಬರೆಯಲು ಅವನೇ ಬಿಟ್ಟಿರಲಿಲ್ಲ.

"ಮುಂದಿನ ವಾರ ವಿಚಾರಣೆ ಉಂಟು. ಹಾಸ್ಟೆಲಿಗೆ ಹೋಗಿ ಅವಳ ಹತ್ತಿರ ಕಾಗದದಲ್ಲಿ ಬರೆದು ಕೇಳಿದೆ. ಅವಳು ಬರೆದದ್ದು ನಾಲ್ಕೇ ಪದ. ಕೈಯಲ್ಲಿ ಏನೇನೋ ಹೇಳಿದ್ಲು, ನನಗೆ ತಿಳಿಯಲಿಲ್ಲ. ಅದನ್ನು ಬಾಯಲ್ಲಿ ಹೇಳುವವರು ನೀವಲ್ಲದೆ ಯಾರೂ ಇಲ್ಲ."

"ನಿಮಗೋಸ್ಕರ ನಾನು ಬರುವುದಿಲ್ಲ."

"ನನಗೋಸ್ಕರ ಬರಬೇಡಿ."

ಅವಳು ಮೊದಲ ಬಾರಿಗೆ ಅವನ ಮುಖವನ್ನು ಸರಿಯಾಗಿ ನೋಡಿದಳು. ಆ ಕಣ್ಣುಗಳಲ್ಲಿ ಅಧಿಕಾರಿ ಇರಲಿಲ್ಲ...

ವಿಚಾರಣೆಗೆ ಮೂವರು ಹಿರಿಯ ಅಧಿಕಾರಿಗಳು ಕುಳಿತಿದ್ದರು. ಇಂದುಮತಿ ಕೈಸನ್ನೆಯಲ್ಲಿ ಹೇಳಿದಳು, ಅನಸೂಯಾ ಅದಕ್ಕೆ ದನಿ ಕೊಟ್ಟಳು.

"ಎಲ್ಲರಿಗೂ ಹೇಳಿದ್ದನ್ನೇ ಟೀಚರ್ ನನಗೂ ಹೇಳಿದರು. ನನ್ನ ಪೇಪರನ್ನು ಮಾತ್ರ ಯಾಕೆ ಕಿತ್ತುಕೊಂಡಿರಿ? ಅವತ್ತಿನಿಂದ ಅಮ್ಮ ಊಟ ಮಾಡುವಾಗಲೆಲ್ಲ ಅಳುತ್ತಾರೆ. ನಾನು ಕದ್ದಿಲ್ಲ."



ಮೂವರ ನಡುವೆ ಕುಳಿತಿದ್ದ ಅಧ್ಯಕ್ಷರು ಕುರ್ಚಿಗೆ ಒರಗಿದರು. "ಇದು ಹುಡುಗಿಯ ಮಾತೋ, ನಿಮ್ಮ ಮಾತೋ? ನಮಗೆ ಹೇಗೆ ಗೊತ್ತಾಗಬೇಕು?"

ಅನಸೂಯಾಳ ಮೈ ಉರಿದುಹೋಯಿತು. ಅವಳು ಬಾಯಿ ತೆರೆಯುವಷ್ಟರಲ್ಲಿ ಜನಾರ್ದನ ಎದ್ದು ನಿಂತಿದ್ದ.

"ಟೀಚರ್ ಹೊರಗಿರಲಿ ಸಾರ್. ಹುಡುಗಿಗೆ ಕಾಗದ ಕೊಡಿ. ಅವಳಿಗೆ ಬರೆಯಲು ಬರುತ್ತದೆ. ಪರೀಕ್ಷೆಗೆ ಕೂತದ್ದೇ ಅದಕ್ಕೆ."

ಅನಸೂಯಾ ಹೊರಗೆ ಕಾದಳು. ಒಳಗೆ ಕರೆದಾಗ ಅಧ್ಯಕ್ಷರ ಕೈಯಲ್ಲೊಂದು ಹಾಳೆಯಿತ್ತು. ವಾಕ್ಯಗಳು ತುಂಡುತುಂಡಾಗಿದ್ದರೂ ಮಾತು ಅದೇ. ಅಮ್ಮ, ಊಟ, ಅಳು. ಕದ್ದಿಲ್ಲ.

"ತಪ್ಪು ನನ್ನದು," ಎಂದ ಜನಾರ್ದನ. "ಅವರು ಮಾತಾಡುವ ಭಾಷೆಯನ್ನು ನಾನು ಕಾಪಿ ಅಂತ ಬರೆದೆ."

"ಇದು ನಿಮ್ಮ ಸರ್ವಿಸ್ ಬುಕ್ಕಿಗೆ ಹೋಗುತ್ತದೆ, ಗೊತ್ತಲ್ಲ?"

"ಹೋಗಲಿ ಸಾರ್."

ಆದೇಶ ಬಂತು. ಇಂದುಮತಿ ಸೆಪ್ಟೆಂಬರಿನಲ್ಲಿ ಗಣಿತ ಮತ್ತೆ ಬರೆಯಬಹುದು. ಪ್ರಕಟಣೆಗಳನ್ನು ತಿಳಿಸಲು ಅನಸೂಯಾ ಕೊಠಡಿಯೊಳಗೇ ನಿಲ್ಲಬಹುದು. ಅಮಾನತು ರದ್ದು. ಕೊನೆಗೊಂದು ಸಾಲು: ಇದು ಈ ಒಂದು ಸಲಕ್ಕೆ ಮಾತ್ರ.

"ಒಂದು ಸಲಕ್ಕೆ ಮಾತ್ರ ಅಂತೆ," ಅಂಗಳದಲ್ಲಿ ಅನಸೂಯಾ ಸಿಡಿದಳು. "ಮುಂದಿನ ಮಕ್ಕಳಿಗೆ ಕಿವಿ ಬರ್ತದಾ?"

"ಅದಕ್ಕೂ ಅರ್ಜಿ ಬರೆಯುವ. ಪ್ರತಿ ವರ್ಷ ಬರೆಯುವ." ಜನಾರ್ದನ ಅವಳ ಕಡೆ ತಿರುಗಿದ. "ಅನಸೂಯಾ... ಅವತ್ತು ನೀವು ಬೈದಾಗಿನಿಂದ ನಿಮ್ಮನ್ನು ಮರೆಯಲಿಕ್ಕಾಗಲಿಲ್ಲ. ನಿಮ್ಮನ್ನು ಮದುವೆಯಾಗಬೇಕು ಅಂತ ನನಗೆ ಆಸೆ ಉಂಟು."

"ಮಾಡಿದ ತಪ್ಪಿಗೆ ಪ್ರಾಯಶ್ಚಿತ್ತವಾ?"

"ತಪ್ಪಿಗೆ ಸರ್ವಿಸ್ ಬುಕ್ ಉಂಟಲ್ಲ. ಇದು ಬೇರೆ."

ನಗು ಬಂದರೂ ಅವಳು ತಡೆದುಕೊಂಡಳು. "ನನ್ನ ಸಿಟ್ಟು ಇನ್ನೂ ಇಳಿಯಲಿಲ್ಲ. ಅವಳು ಪರೀಕ್ಷೆ ಬರೆದು ಹೊರಗೆ ಬರಲಿ."

ಅವನು ಕಾದ. ಉತ್ತರಕ್ಕಾಗಿ ಒಮ್ಮೆಯೂ ಪೀಡಿಸಲಿಲ್ಲ. ಅನಸೂಯಾ ಶಾಲೆಗೆ ಮರಳಿದ ಮೇಲೆ ಸಂಜೆಗಳಲ್ಲಿ ಅರ್ಜಿಗಳನ್ನು ಮಾತ್ರ ಇಬ್ಬರೂ ಕೂಡಿ ಬರೆದರು. ಒಂದೊಂದು ಪದಕ್ಕೂ ಜಗಳವಾಡಿದರು. ಅವನು ಬಾರದ ದಿನ ಸಂಜೆ ಬಹಳ ಉದ್ದವೆನಿಸುವುದನ್ನು ಅನಸೂಯಾ ಯಾರಿಗೂ ಹೇಳಲಿಲ್ಲ.

ಸೆಪ್ಟೆಂಬರಿನ ಆ ಮಧ್ಯಾಹ್ನ ಇಂದುಮತಿ ಪರೀಕ್ಷೆ ಮುಗಿಸಿ ಬಂದಳು. ಎಲ್ಲ ಲೆಕ್ಕ ಮಾಡಿದೆ ಎಂದು ಕೈಯಲ್ಲಿ ಹೇಳಿ, ಕಾಯುತ್ತಿದ್ದ ಅಮ್ಮನ ಕಡೆಗೆ ಓಡಿದಳು.

ಗೇಟಿನ ಹೊರಗೆ ಜನಾರ್ದನ ನಿಂತಿದ್ದ. ಅನಸೂಯಾ ನೇರ ಅವನ ಬಳಿಗೆ ನಡೆದಳು.

"ಭಾನುವಾರ ಕೊಚ್ಚಿಗೆ ಬನ್ನಿ. ಅಪ್ಪನ ಹತ್ತಿರ ಮಾತಾಡಿ."

"ಏನಂತ ಮಾತಾಡ್ಲಿ?"

"'ನನಗೆ ಆಸೆ ಉಂಟು' ಅಂತ ಹೇಳಿದ್ರಲ್ಲ, ಅದನ್ನೇ."

"ಅವರು ಒಪ್ಪದಿದ್ರೆ...?"

"ನಾನು ಒಪ್ಪಿ ಆಯ್ತಲ್ಲ," ಎಂದಳು ಅನಸೂಯಾ.