ಅವರದೇ ಹುಲ್ಲು

ಮಂಚಮ್ಮ ಹಸುವಿನ ಕೆಚ್ಚಲಿಗೆ ಕೈ ಹಾಕಿದ್ದಳಷ್ಟೆ, ತೋಟದ ಕಡೆಯಿಂದ ಮಗಳು ಮಧುಶ್ರೀ ಕೂಗಿದಳು. "ಅವ್ವಾ, ಬಾಳೆಗೆ ಮತ್ತೆ ನೀರು ನುಗ್ಗ್ಯದೆ!"

ಚೊಂಬು ಅಲ್ಲೇ ಬಿಟ್ಟು ಓಡಿದಳು. ದೇವನೂರಿನ ದಿಬ್ಬದ ಮೇಲೆ ಗಾಲ್ಫ್ ಮೈದಾನವಾದ ಮೇಲೆ ದೊಡ್ಡ ಮಳೆಗೆಲ್ಲ ಇದೇ ಗತಿ. ಅಲ್ಲಿಯ ನೀರು ಚರಂಡಿಗೆ ಸೇರಿ, ಪೈಪಿನಲ್ಲಿ ಬೇಲಿ ದಾಟಿ, ಅವಳ ರಸಬಾಳೆಯ ಬುಡದಲ್ಲಿ ನಿಲ್ಲುತ್ತಿತ್ತು. ಅರ್ಧ ತೋಟ ಆಗಲೇ ಕೊಳೆತಿತ್ತು. ಉಳಿದರ್ಧ ಗೊನೆ ಹಾಕಿತ್ತು. ಇನ್ನೊಂದು ಸಲ ನೀರು ನಿಂತರೆ ಅದೂ ಹೋಯಿತು. ಯಾರದೋ ಚೆಂಡು ನುಣ್ಣಗೆ ಉರುಳಲೆಂದು ತನ್ನ ಬಾಳೆ ಕೊಳೆಯಬೇಕೆ?

"ನೀರು ತಗ್ಗಿಗೇ ಹರಿಯೋದು ಕಣಮ್ಮ. ನಾನೇನು ಕಟ್ಟಾಕ್ಲಾ?" ಎಂದು ದೂರು ಹೇಳಲು ಹೋದವಳ ಮುಂದೆ ಮೈದಾನದ ಮ್ಯಾನೇಜರ್ ರುದ್ರೇಶ್ ನಕ್ಕ.

ತಾನೇ ಕಟ್ಟುತ್ತೇನೆ ಎಂದುಕೊಂಡಳು.

ಪೈಪಿನ ಈಚೆ ಬಾಯಿಗೆ ಮಣ್ಣು ಮೆತ್ತಿದರೆ ಮೊದಲು ಹಿಡಿಯುವುದು ಅವಳನ್ನೇ. ಆದರೆ ಬೇಲಿಯಾಚೆ, ಚರಂಡಿ ಪೈಪಿಗೆ ಸೇರುವಲ್ಲಿ ಹಾಕಿದ್ದ ಜಾಲರಿಯ ಪಕ್ಕದಲ್ಲೇ ಮೈದಾನದವರು ಕತ್ತರಿಸಿದ ಹುಲ್ಲನ್ನು ಗುಡ್ಡೆ ಹಾಕುತ್ತಿದ್ದರು. ಅವರ ಹುಲ್ಲೇ ಅವರ ಜಾಲರಿ ಕಟ್ಟಲಿ. ಭಾನುವಾರ ಅಲ್ಲಿ ದೊಡ್ಡ ಪಂದ್ಯ. ಶನಿವಾರ ಸಂಜೆ ಮೋಡ ಕಟ್ಟಿದ್ದೇ, ಕಾಯಿ ಕೀಳುವ ದೋಟಿಯನ್ನು ಬೇಲಿತಂತಿಯ ನಡುವೆ ತೂರಿಸಿ ಗುಡ್ಡೆಯನ್ನೆಲ್ಲ ಜಾಲರಿಗೆ ಒತ್ತಿದಳು. ಆಚೆ ಒಂದು ಹೆಜ್ಜೆಗುರುತೂ ಇಲ್ಲ. ಮಳೆಯೇ ಹುಲ್ಲು ಕೊಚ್ಚಿಕೊಂಡು ಬಂತು ಎಂದುಕೊಳ್ಳಬೇಕು, ಹಾಗೆ.

ರಾತ್ರಿಯಿಡೀ ಸುರಿಯಿತು. ಬೆಳಿಗ್ಗೆ ದಿಬ್ಬದ ಮೇಲೆ ಕೂಗಾಟ ಕೇಳುತ್ತಿದ್ದರೆ ಮಂಚಮ್ಮ ನಿಧಾನವಾಗಿ ರೊಟ್ಟಿ ತಟ್ಟುತ್ತಿದ್ದಳು.

ರುದ್ರೇಶ್ ಮೊಣಕಾಲವರೆಗೂ ಕೆಸರು ಮೆತ್ತಿಕೊಂಡು ಮನೆಯೊಳಗೆ ಬಂದು ನಿಂತ. "ಮೈದಾನ ಕೆರೆಯಾಗೋಯ್ತು. ಬೇಲಿ ಹತ್ರ ಯಾರನ್ನಾದ್ರೂ ನೋಡಿದ್ರಾ?"

"ನಂಗೇನ್ ಗೊತ್ತು ಸಾ? ಎದ್ದಾಗಿಂದ ಒಲೆ ಬಿಟ್ಟು ಅಲ್ಲಾಡಿಲ್ಲ. ನೀರು ತಗ್ಗಿಗೇ ಅರಿಯೋದಲ್ವಾ, ನಿಮ್ಮಲ್ಲೇ ಯಾಕ್ ನಿಂತ್ಕತು?"

ಮಾತು ಚುಚ್ಚಿತು. ಆದರೂ ಅವನು ತಲೆ ಕೊಡವಿದ. "ನಮ್ಮೋರೇ ಸೋಮಾರಿಗಳು. ಹುಲ್ಲು ಎಲ್ಲಂದ್ರಲ್ಲಿ ಸುರೀತಾರೆ," ಎಂದು ಹೊರಟ.

ಮಂಚಮ್ಮ ರೊಟ್ಟಿ ಮಗುಚಿದಳು. ಬೆಳಗಿನಿಂದ ಅವ್ವನ ಮುಖವನ್ನೇ ನೋಡುತ್ತಿದ್ದ ಮಧುಶ್ರೀಗೆ ಇನ್ನು ತಡೆಯಲಾಗಲಿಲ್ಲ. ರುದ್ರೇಶ್ ಇನ್ನೂ ಹೊಸ್ತಿಲು ದಾಟಿರಲಿಲ್ಲ.

"ಅವ್ವಾ, ಇಂಥಾ ಮಳೆ ಉಯ್ದದೆ. ಬಾಳೆ ಏನಾಯ್ತೂಂತ ನೋಡಾಕೆ ನೀನ್ಯಾಕೆ ಇವತ್ತು ತ್ವಾಟಕ್ಕೆ ಓಗ್ಲೇ ಇಲ್ಲ?"